ಯುದ್ಧದ ಸಿನಿಮಾಗಳಲ್ಲಿ ಸೈನಿಕನ ಒಳಗು ಎಷ್ಟು ಕಾಣುತ್ತದೆ?

ಪ್ರಶ್ನೆ ಕೇಳಿದವರು: ಸಿರುಗುಪ್ಪದ ಓದುಗ

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಪದಾತಿದಳದಲ್ಲಿ 22 ವರ್ಷ ಸೇವೆ ಮಾಡಿ ಊರಿಗೆ ಮರಳಿದವರು. 1999ರ ಕಾರ್ಗಿಲ್ ಯುದ್ಧದಲ್ಲಿ ಅವರ ಪಲ್ಟನ್ ದ್ರಾಸ್ ಭಾಗದಲ್ಲಿತ್ತು ಎಂಬುದಷ್ಟೇ ನಮಗೆ ಗೊತ್ತು. ಆ ದಿನಗಳ ಬಗ್ಗೆ ಅವರು ಮನೆಯಲ್ಲಿ ಬಾಯಿ ಬಿಟ್ಟವರಲ್ಲ. 2019ರಲ್ಲಿ ‘ಉರಿ’ ಸಿನಿಮಾ ಬಂದಾಗ ನಾವು ಸೋದರಳಿಯಂದಿರೆಲ್ಲ ಸೇರಿ, ಬೇಡವೆಂದರೂ ಬಿಡದೆ, ಅವರನ್ನು ಬಳ್ಳಾರಿಯ ಒಂದು ಚಿತ್ರಮಂದಿರಕ್ಕೆ ಕರೆದುಕೊಂಡು ಹೋದೆವು. ತೆರೆಯ ಮೇಲೆ ಗುಂಡಿನ ಕಾಳಗ ಶುರುವಾಗಿ ಸುತ್ತಲಿನವರು ಸಿಳ್ಳೆ ಹಾಕತೊಡಗಿದಾಗ ಮಾವ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದು ತಲೆ ತಗ್ಗಿಸಿ ಕುಳಿತಿದ್ದರು. ಸ್ವಲ್ಪ ಹೊತ್ತಿಗೆ ಎದ್ದು ಹೊರಗೆ ಹೋದವರು ಮರಳಲಿಲ್ಲ. ಸಿನಿಮಾ ಮುಗಿದ ಮೇಲೆ ಹುಡುಕಿದರೆ ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಒಬ್ಬರೇ ಇದ್ದರು. ಯಾಕೆ ಎಂದು ಕೇಳಿದ್ದಕ್ಕೆ, “ಅಷ್ಟೊಂದು ಮಾತು ಅಲ್ಲಿ ಯಾರೂ ಆಡಂಗಿಲ್ಲಪ್ಪ” ಎಂದರು. ಮನೆ ಮುಟ್ಟುವ ತನಕ ಮತ್ತೊಂದು ಮಾತಿಲ್ಲ.

ಅಂದಿನಿಂದ ನಾನು ಯುದ್ಧದ ಸಿನಿಮಾಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದ್ದೇನೆ. ನಮ್ಮ ಸಿನಿಮಾಗಳಲ್ಲಿ ಸೈನಿಕನಿಗೆ ಏನನ್ನಿಸುತ್ತದೆ ಎಂಬುದನ್ನು ಅವನ ಮಾತೇ ಹೇಳಿಬಿಡುತ್ತದೆ. ಮಾತು ಮುಗಿದಲ್ಲಿಂದ ಸಂಗೀತ ಆರಂಭವಾಗುತ್ತದೆ. ಸಾಯುವವನಿಗೂ ಎರಡು ನಿಮಿಷ ಮಾತಾಡುವ ಅವಕಾಶ ಇರುತ್ತದೆ. ಹಾಗೆಂದು ಎಲ್ಲವೂ ಸುಳ್ಳೆಂದು ನಾನು ಹೇಳಲಾರೆ. 1971ರ ಲೋಂಗೇವಾಲಾ ಕಾಳಗವನ್ನು ಕುರಿತ ‘ಬಾರ್ಡರ್’ 1997ರಲ್ಲಿ ಬಂದಿತ್ತು. ಆ ಸಿನಿಮಾ ಟಿವಿಯಲ್ಲಿ ಬಂದಾಗ, ಊರಿನಿಂದ ಬಂದ ಪತ್ರಗಳನ್ನು ಸೈನಿಕರು ಓದುವ ಹಾಡಿನ ಹೊತ್ತಿಗೆ ಮಾವ ಕಣ್ಣೊರೆಸಿಕೊಂಡಿದ್ದನ್ನು ನಾನು ಕಂಡಿದ್ದೇನೆ. ಟ್ಯಾಂಕುಗಳು ಬಂದಾಗ ಅವರು ಎದ್ದು ಎಮ್ಮೆಗೆ ಮೇವು ಹಾಕಲು ಹೋದರು. ಕನ್ನಡದಲ್ಲಿ 1990ರ ‘ಮುತ್ತಿನ ಹಾರ’ ನನಗೆ ಇಂದಿಗೂ ಪ್ರಿಯವಾದದ್ದು, ಏಕೆಂದರೆ ಅದು ಕೊಡಗಿನ ಒಬ್ಬ ಸೈನಿಕನ ಸಂಸಾರವನ್ನು ಹಿಡಿದುಕೊಂಡು ಯುದ್ಧದ ಕಡೆಗೆ ಹೋಗುತ್ತದೆ. ಆದರೂ ಕಾಳಗದ ಹೊತ್ತಿನಲ್ಲಿ ಮನುಷ್ಯನ ಒಳಗೆ ಏನಾಗುತ್ತದೆ, ಅದು ಮನೆಗೆ ಮರಳಿದ ಮೇಲೂ ಹೇಗೆ ಉಳಿದುಕೊಳ್ಳುತ್ತದೆ ಎಂಬುದನ್ನು ಸರಿಯಾಗಿ ತೋರಿಸಿದ ಸಿನಿಮಾಗಳು ಯಾವುವು? ಸೇನೆಯಲ್ಲಿದ್ದವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಮಾವನನ್ನು ನೇರವಾಗಿ ಕೇಳಲು ನನಗೆ ಧೈರ್ಯ ಬಾರದೆ ಇಲ್ಲಿ ಕೇಳುತ್ತಿದ್ದೇನೆ.

ಉತ್ತರ: ಕೊಪ್ಪಳದ ನಿವೃತ್ತ ಹವಾಲ್ದಾರ

ತಮ್ಮಾ, ನಿಮ್ಮ ಮಾವನವರು ಹೇಳಿದ ಒಂದು ಮಾತು ಸಾಕು, ಅವರು ಅಲ್ಲಿದ್ದವರೆಂದು ತಿಳಿಯಲು. ನಾನು ತೋಪುಖಾನೆಯವನು, ಅದೇ ವರ್ಷ ಅದೇ ದ್ರಾಸ್ ಭಾಗದಲ್ಲಿ ನಮ್ಮ ಬೋಫೋರ್ಸ್ ತೋಪುಗಳಿದ್ದವು. ಆದ್ದರಿಂದ ಮೊದಲು ನನ್ನ ಕಡೆಯ ಮಾತನ್ನು ಹೇಳುತ್ತೇನೆ, ಸಿನಿಮಾದ ವಿಷಯಕ್ಕೆ ಆಮೇಲೆ ಬರುತ್ತೇನೆ.

ತೋಪಿನವನಿಗೆ ವೈರಿಯ ಮುಖ ಕಾಣುವುದಿಲ್ಲ. ಮುಂದೆ ಎಲ್ಲೋ ಓ.ಪಿ.ಯಲ್ಲಿ, ಅಂದರೆ ವೀಕ್ಷಣಾ ಠಾಣೆಯಲ್ಲಿ, ಕುಳಿತ ಅಧಿಕಾರಿ ಗುರಿಯನ್ನು ನೋಡಿ ವೈರ್‌ಲೆಸ್ಸಿನಲ್ಲಿ ಅಂಕಿಗಳನ್ನು ಹೇಳುತ್ತಾರೆ. ನಾವು ಆ ಅಂಕಿಗೆ ತಕ್ಕಂತೆ ನಳಿಗೆಯನ್ನು ತಿರುಗಿಸಿ, 155 ಮಿಲಿಮೀಟರಿನ ಗುಂಡು ತುಂಬಿ ಹಾರಿಸುತ್ತೇವೆ. ಅದು 20 ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಬಯಲುಸೀಮೆಯ ಲೆಕ್ಕ ಅಲ್ಲಿ ಹೊಂದುವುದಿಲ್ಲ, ಗುಂಡು ಇನ್ನೂ ದೂರ ಓಡುತ್ತದೆ, ಲೆಕ್ಕವನ್ನು ಹೊಸದಾಗಿ ಹಾಕಬೇಕಾಗುತ್ತದೆ. ನಮ್ಮ ಪದಾತಿಯವರು ರಾತ್ರಿಯೆಲ್ಲ ಬಂಡೆ ಹತ್ತುತ್ತಿರುವಾಗ ಅವರ ತಲೆಯ ಮೇಲಿಂದ ನಾವು ಶಿಖರಕ್ಕೆ ಗುಂಡು ಹೊಡೆಯುತ್ತಿದ್ದೆವು. ಆ ಹೊತ್ತಿನಲ್ಲಿ ನನ್ನೊಳಗೆ ಇದ್ದದ್ದು ಸಿನಿಮಾದಲ್ಲಿ ತೋರಿಸುವ ಆವೇಶವಲ್ಲ, ಒಂದೇ ಒಂದು ಚಿಂತೆ: ಗುಂಡು ಗುರಿ ಮುಟ್ಟದೆ ಈಚೆಗೆ ಬಿದ್ದು ನಮ್ಮವರೇ ಸತ್ತರೆ? ಹಾಗೆ ಆಯಿತೆಂದು ಯಾರೂ ನನಗೆ ಹೇಳಿದ್ದಿಲ್ಲ. ಆದರೆ ಆ ಚಿಂತೆ ನನ್ನೊಂದಿಗೇ ಊರಿಗೆ ಬಂದಿದೆ. ಈಗಲೂ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಆ ಅಂಕಿಗಳನ್ನೇ ಮನಸ್ಸು ಮತ್ತೆ ಮತ್ತೆ ಕೂಡಿಸಿ ನೋಡುತ್ತದೆ.

ಎರಡನೆಯದಾಗಿ, ವೈರಿಯ ಗುಂಡು ನಮ್ಮ ಕಡೆಗೆ ಬರುವಾಗ ಸದ್ದಿನಿಂದಲೇ ಅದು ಹತ್ತಿರ ಬೀಳುತ್ತದೆಯೋ ದೂರ ಬೀಳುತ್ತದೆಯೋ ಎಂದು ಕೆಲವು ದಿನಗಳಲ್ಲಿ ಕಿವಿ ಕಲಿತುಬಿಡುತ್ತದೆ. ಅದು ಪಕ್ಕದ ತೋಪಿನ ಮೇಲೆ ಬಿದ್ದಿತೆಂದು ತಿಳಿದಾಗ ಎದೆಯಲ್ಲಿ ಮೊದಲು ಏಳುವುದು ದುಃಖವಲ್ಲ, ನಾನು ಉಳಿದೆನೆಂಬ ನೆಮ್ಮದಿ. ದುಃಖ ಬರುವುದು ಆಮೇಲೆ, ನಾಚಿಕೆ ಅದಕ್ಕೂ ಆಮೇಲೆ. ಆ ಕ್ಷಣದ ನೆಮ್ಮದಿಯನ್ನು ಯಾವ ಸಿನಿಮಾದಲ್ಲಿಯೂ ನಾನು ಕಂಡಿಲ್ಲ. ನಾಯಕನಾದವನಿಗೆ ಹಾಗೆ ಅನ್ನಿಸಬಾರದೆಂದು ಬಿಟ್ಟಿರಬಹುದು. ಆ ಯುದ್ಧದಲ್ಲಿ ತೀರಿಕೊಂಡ ನಮ್ಮವರು 527 ಮಂದಿ. ಉಳಿದು ಬಂದವರೆಲ್ಲರೂ ಈ ನೆಮ್ಮದಿಯ ಭಾರವನ್ನು ಹೊತ್ತೇ ಬಂದಿದ್ದೇವೆ ಎಂದು ನಾನು ತಿಳಿದಿದ್ದೇನೆ.

ಇನ್ನೊಂದು ಮಾತು, ಇದು ನಮ್ಮ ಕಡೆಯ ಹುಡುಗರಿಗೇ ಸೇರಿದ್ದು. ಪಲ್ಟನ್ನಿನಲ್ಲಿ ಮಾತೆಲ್ಲ ಹಿಂದಿಯಲ್ಲಿ ನಡೆಯುತ್ತದೆ, ನಮಗೂ ಅದು ರೂಢಿಯಾಗಿಬಿಡುತ್ತದೆ. ಆದರೆ ಹೆದರಿಕೆಯಾದಾಗ ಬಾಯಿಗೆ ಬರುವುದು ಕನ್ನಡ. ಪಕ್ಕದಲ್ಲಿ ಕುಳಿತವನು ಗಢವಾಲದವನೋ ಬಿಹಾರದವನೋ ಆಗಿರುತ್ತಾನೆ. ಯವ್ವಾ ಎಂದದ್ದು ಅವನಿಗೆ ತಿಳಿಯುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಹೇಳಲು ಆಗುವುದಿಲ್ಲ. ಕನ್ನಡದಲ್ಲಿ ಯುದ್ಧದ ಸಿನಿಮಾ ಮಾಡುವವರು ಇದೊಂದನ್ನು ಹಿಡಿದರೂ ಸಾಕಿತ್ತು.

ಸಿನಿಮಾ ಕೇಳಿದ್ದೀರಿ. 1962ರ ಚೀನಾ ಯುದ್ಧವನ್ನು ಕುರಿತು 1964ರಲ್ಲಿ ಚೇತನ್ ಆನಂದ್ ಮಾಡಿದ ‘ಹಕೀಕತ್’ ನೋಡಿರಿ. ಕಪ್ಪುಬಿಳುಪಿನ ಹಳೆಯ ಸಿನಿಮಾ, ಹಾಡುಗಳೂ ಇವೆ. ಆದರೆ ಸೋತ ಯುದ್ಧದ ಕಥೆಯಾದ್ದರಿಂದ ಅದರಲ್ಲಿ ಹಿಂದಕ್ಕೆ ಸರಿಯುವವರ ದಣಿವಿದೆ, ಚಳಿಯಿದೆ, ಊರು ನೆನೆಯುವ ಮೌನವಿದೆ. ಗೆದ್ದ ಯುದ್ಧದ ಸಿನಿಮಾಗಳಲ್ಲಿ ದಣಿವನ್ನು ತೋರಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಉತ್ತರ: ಲಿಂಗಸುಗೂರಿನ ಅಭ್ಯರ್ಥಿ

ಹವಾಲ್ದಾರ್ ಸಾಹೇಬರಿಗೆ ನಮಸ್ಕಾರ. ನಾನು ಅಗ್ನಿವೀರ ಭರ್ತಿಗೆ ಸಿದ್ಧನಾಗುತ್ತಿರುವವನು. ದಿನಾಲೂ ನಸುಕಿನಲ್ಲಿ ಎದ್ದು 1.6 ಕಿಲೋಮೀಟರಿನ ಓಟವನ್ನು ಅಭ್ಯಾಸ ಮಾಡುತ್ತೇನೆ. ಓಡುವಾಗ ಕಾಲು ಸೋತು ನಿಲ್ಲಬೇಕೆನ್ನಿಸಿದರೆ, ನೀವೆಲ್ಲ ಬೇಡವೆನ್ನುವ ಇಂಥ ಸಿನಿಮಾಗಳ ಮಾತುಗಳೇ ನನ್ನನ್ನು ಮುಂದೆ ನೂಕುತ್ತವೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಪಲ್ಟನ್ನುಗಳಿಗೆ ಅವುಗಳದೇ ಆದ ಯುದ್ಧಘೋಷಗಳಿವೆ, ದಾಳಿಯ ಹೊತ್ತಿನಲ್ಲಿ ಅವನ್ನು ಕೂಗುತ್ತಾರೆ ಎಂದು ಓದಿದ್ದೇನೆ. ಹಾಗಿರುವಾಗ ಆವೇಶವನ್ನು ತೋರಿಸಿದ್ದು ತಪ್ಪು ಎಂದು ಹೇಗೆ ಹೇಳುವುದು? ಹೆದರಿಕೆಯನ್ನು ಮಾತ್ರ ತೋರಿಸುವ ಸಿನಿಮಾವೂ ಅರ್ಧ ಸತ್ಯವನ್ನೇ ಹೇಳಿದಂತಾಗುವುದಿಲ್ಲವೇ?

ಉತ್ತರ: ಕೊಪ್ಪಳದ ನಿವೃತ್ತ ಹವಾಲ್ದಾರ

ನೀವು ಕೇಳಿದ್ದು ನ್ಯಾಯವಾಗಿದೆ. ಘೋಷ ನಿಜ, ಅದನ್ನು ಕೂಗಿದಾಗ ಮೈಯಲ್ಲಿ ಬಿಸಿ ಏರುವುದೂ ನಿಜ. ಆದರೆ ಅದು ಕೊನೆಯ ಐವತ್ತು ಗಜದ ಮಾತು. ಅದಕ್ಕೂ ಮೊದಲು ಹತ್ತು ಗಂಟೆ ಸದ್ದು ಮಾಡದೆ ಹತ್ತಿರುತ್ತಾರೆ, ಕೆಮ್ಮು ಬಂದರೆ ಬಾಯಿಗೆ ಬಟ್ಟೆ ತುರುಕಿಕೊಂಡಿರುತ್ತಾರೆ. ಆ ಹತ್ತು ಗಂಟೆ ಇಲ್ಲದೆ ಘೋಷವನ್ನಷ್ಟೇ ತೋರಿಸಿದರೆ, ಅದು ಎಷ್ಟು ಹೆದರಿಕೆಯನ್ನು ಒಡೆದುಕೊಂಡು ಹೊರಬಂದಿತೆಂಬುದು ನೋಡುವವರಿಗೆ ತಿಳಿಯುವುದಿಲ್ಲ. ಓಟವನ್ನು ಬಿಡಬೇಡಿರಿ. ಮೊಳಕಾಲನ್ನು ಜೋಪಾನ ಮಾಡಿಕೊಳ್ಳಿರಿ.

ಉತ್ತರ: ಬಳ್ಳಾರಿಯಿಂದ ಒಬ್ಬ ಶುಶ್ರೂಷಕಿ

ನಾನು ಮನೋರೋಗ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಮೂಲಪ್ರಶ್ನೆಯ ಕೊನೆಯ ಭಾಗಕ್ಕೆ, ಅಂದರೆ ಕಾಳಗವು ಮನೆಗೆ ಮರಳಿದ ಮೇಲೂ ಹೇಗೆ ಉಳಿಯುತ್ತದೆ ಎಂಬುದಕ್ಕೆ, ನಾನು ಕಂಡದ್ದನ್ನು ಬರೆಯುತ್ತೇನೆ.

ಮೊದಲ ಮಹಾಯುದ್ಧದಲ್ಲಿ ಮೈಮೇಲೆ ಗಾಯವಿಲ್ಲದೆಯೂ ನಡುಗುವ, ಮಾತು ನಿಂತುಹೋದ ಸೈನಿಕರನ್ನು ಕಂಡ ವೈದ್ಯರು ಅದನ್ನು ‘ಶೆಲ್ ಶಾಕ್’ ಎಂದು ಕರೆದರು; ಚಾರ್ಲ್ಸ್ ಮಯರ್ಸ್ ಎಂಬ ವೈದ್ಯರು 1915ರಲ್ಲಿ ಅದರ ಬಗ್ಗೆ ಪ್ರಕಟಿಸಿದ ಲೇಖನದಿಂದ ಆ ಹೆಸರು ವೈದ್ಯಶಾಸ್ತ್ರಕ್ಕೆ ಬಂದಿತು. ಗುಂಡಿನ ಆಘಾತದಿಂದ ಮೆದುಳು ಅಲುಗಿದೆಯೆಂದು ಕೆಲವರು, ಹೇಡಿತನವೆಂದು ಕೆಲವರು ಆಗ ವಾದಿಸಿದರು. ಇಂದು ನಾವು ಬಳಸುವ ಪಿ.ಟಿ.ಎಸ್.ಡಿ. (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಎಂಬ ಹೆಸರನ್ನು ಅಮೆರಿಕದ ಮನೋವೈದ್ಯರು ವಿಯೆಟ್ನಾಂ ಯುದ್ಧದ ನಂತರ, 1980ರಲ್ಲಿ, ತಮ್ಮ ರೋಗಗಳ ಕೈಪಿಡಿಗೆ ಸೇರಿಸಿದರು. ಸಿನಿಮಾಗಳು ಇದನ್ನು ತೋರಿಸುವಾಗ ಸಾಮಾನ್ಯವಾಗಿ ಒಂದು ಸುಲಭದ ದಾರಿ ಹಿಡಿಯುತ್ತವೆ: ನಾಯಕ ಕಣ್ಣು ಮುಚ್ಚುತ್ತಾನೆ, ಹಳೆಯ ಕಾಳಗ ತೆರೆಯ ಮೇಲೆ ಮತ್ತೆ ನಡೆಯುತ್ತದೆ, ಅವನು ಕೂಗಿಕೊಂಡು ಏಳುತ್ತಾನೆ. ಹಾಗೆ ಆಗುವುದಿಲ್ಲವೆಂದಲ್ಲ. ಆದರೆ ನಾನು ಕಂಡ ಹೆಚ್ಚಿನವರಲ್ಲಿ ನೆನಪು ಮೈಯಲ್ಲಿ ಇರುತ್ತಿತ್ತು. ಸಂಡೂರಿನ ಕಡೆಯ ಒಬ್ಬರು ಗಣಿಯಲ್ಲಿ ಬಂಡೆ ಸಿಡಿಸುವ ಹೊತ್ತು ಯಾವುದೆಂದು ಗಡಿಯಾರ ನೋಡದೆ ಹೇಳುತ್ತಿದ್ದರು. ಆ ಹೊತ್ತಿಗೆ ಮುಂಚಿತವಾಗಿಯೇ ಅವರ ಅಂಗೈ ಬೆವರುತ್ತಿತ್ತು. ದೀಪಾವಳಿಯ ಮೂರು ದಿನ ಮನೆಯವರು ಅವರನ್ನು ಹೊಲದ ಗುಡಿಸಲಿನಲ್ಲಿ ಇರಿಸುತ್ತಿದ್ದರು. ತಾನು ಹುಚ್ಚನೆಂದು ಊರವರು ತಿಳಿಯುತ್ತಾರೆಂಬ ಭಯದಿಂದ ಅವರು ಆಸ್ಪತ್ರೆಗೆ ಬಂದದ್ದು ನಿವೃತ್ತರಾಗಿ ಒಂಬತ್ತು ವರ್ಷಗಳ ನಂತರ.

ಈ ಮೈಯ ನೆನಪನ್ನು ಹಿಡಿದ ಸಿನಿಮಾ ಎಂದರೆ ನನಗೆ ತೋಚುವುದು ಕ್ಯಾಥರಿನ್ ಬಿಗೆಲೊ ಅವರ ‘ದಿ ಹರ್ಟ್ ಲಾಕರ್’. ಇರಾಕಿನಲ್ಲಿ ಬಾಂಬು ನಿಷ್ಕ್ರಿಯಗೊಳಿಸುವ ಸೈನಿಕನೊಬ್ಬನ ಕಥೆ. 2010ರಲ್ಲಿ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆಯಿತು. ಅವನು ಊರಿಗೆ ಮರಳಿದ ಮೇಲೆ ದೊಡ್ಡ ಅಂಗಡಿಯೊಂದರಲ್ಲಿ, ಬೆಳಗಿನ ತಿಂಡಿಯ ಡಬ್ಬಿಗಳನ್ನು ಸಾಲಾಗಿ ಜೋಡಿಸಿದ ಕಪಾಟಿನ ಮುಂದೆ, ಯಾವುದನ್ನು ತೆಗೆದುಕೊಳ್ಳಬೇಕೆಂದು ತಿಳಿಯದೆ ನಿಂತುಬಿಡುತ್ತಾನೆ. ಯಾವ ತಂತಿ ಕತ್ತರಿಸಬೇಕೆಂದು ಕ್ಷಣದಲ್ಲಿ ನಿರ್ಧರಿಸುತ್ತಿದ್ದವನಿಗೆ ಮನೆಯ ಸಣ್ಣ ಆಯ್ಕೆಯೇ ಬೆಟ್ಟವಾಗುತ್ತದೆ. ಕೊನೆಗೆ ಅವನು ಯುದ್ಧಕ್ಕೇ ಹಿಂತಿರುಗುತ್ತಾನೆ. ಬಾಂಬು ತೆಗೆಯುವ ಕ್ರಮವನ್ನು ಅದರಲ್ಲಿ ತಪ್ಪಾಗಿ ತೋರಿಸಲಾಗಿದೆ ಎಂದು ಅಮೆರಿಕದ ಹಲವು ಮಾಜಿ ಸೈನಿಕರು ಆಕ್ಷೇಪಿಸಿದ್ದಾರೆ, ಆ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೂ ಆ ಕಪಾಟಿನ ಮುಂದಿನ ದೃಶ್ಯವನ್ನು ರೋಗಿಯೊಬ್ಬರ ಪತ್ನಿಗೆ ವಿವರಿಸಿ ಹೇಳಿದಾಗ, “ನಮ್ಮವರು ಸಂತೆಯಲ್ಲಿ ಹೀಗೇ ನಿಂತುಬಿಡುತ್ತಾರೆ” ಎಂದು ಆಕೆ ಅತ್ತುಬಿಟ್ಟರು.

ಸ್ಪೀಲ್‌ಬರ್ಗ್ 1998ರಲ್ಲಿ ಮಾಡಿದ ‘ಸೇವಿಂಗ್ ಪ್ರೈವೇಟ್ ರಯಾನ್’ ಬಿಡುಗಡೆಯಾದಾಗ, ನಾರ್ಮಂಡಿ ತೀರದ ಆ ಆರಂಭದ ದೃಶ್ಯಗಳನ್ನು ನೋಡಿ ಕಲಕಿಹೋದ ಮಾಜಿ ಸೈನಿಕರಿಗಾಗಿ ಅಮೆರಿಕದ ಮಾಜಿ ಸೈನಿಕರ ಇಲಾಖೆಯು ಪ್ರತ್ಯೇಕ ದೂರವಾಣಿ ವ್ಯವಸ್ಥೆಯನ್ನೇ ಮಾಡಬೇಕಾಯಿತು. ನಿಮ್ಮ ಮಾವನವರು ಎದ್ದುಹೋದದ್ದು ದೌರ್ಬಲ್ಯವಲ್ಲವೆಂದು ತಿಳಿಸಲು ಇದನ್ನು ಬರೆದೆ. ಅವರನ್ನು ಇನ್ನೊಂದು ಸಿನಿಮಾಕ್ಕೆ ಒತ್ತಾಯಿಸಬೇಡಿರಿ. ನಿದ್ದೆ ಸರಿಯಾಗಿ ಬರುತ್ತದೆಯೇ ಎಂದಷ್ಟು ಕೇಳಿರಿ, ಅದೇ ಒಳ್ಳೆಯ ಆರಂಭ.

ಉತ್ತರ: ಗಂಗಾವತಿಯ ಸಂಕಲನಕಾರ

ನಾನು ಕಿರುಚಿತ್ರಗಳ ಸಂಕಲನ ಮಾಡುವವನು. ಸಿನಿಮಾಗಳು ಯಾಕೆ ಹೀಗಾಗುತ್ತವೆ ಎಂಬುದಕ್ಕೆ ಕಸುಬಿನ ಕಡೆಯಿಂದ ಒಂದೆರಡು ಮಾತು.

ಕ್ಯಾಮರಾ ಯಾವುದನ್ನು ತೋರಿಸಿದರೂ ಅದಕ್ಕೊಂದು ಸೊಗಸು ಬಂದುಬಿಡುತ್ತದೆ. ವಿಯೆಟ್ನಾಂ ಯುದ್ಧದ ಹುಚ್ಚನ್ನು ತೋರಿಸಲೆಂದೇ ಮಾಡಿದ ‘ಅಪೊಕಲಿಪ್ಸ್ ನೌ’ ಚಿತ್ರದಲ್ಲಿ ಹೆಲಿಕಾಪ್ಟರುಗಳು ಹಳ್ಳಿಯೊಂದರ ಮೇಲೆ ದಾಳಿ ಮಾಡುವ ದೃಶ್ಯವಿದೆ. 2005ರ ‘ಜಾರ್‌ಹೆಡ್’ ಚಿತ್ರದಲ್ಲಿ, ಕೊಲ್ಲಿ ಯುದ್ಧಕ್ಕೆ ಹೊರಟ ಸೈನಿಕರು ಅದೇ ದೃಶ್ಯವನ್ನು ನೋಡುತ್ತ ಹುರುಪಿನಿಂದ ಕುಣಿದಾಡುತ್ತಾರೆ. ಸ್ವತಃ ಆ ಯುದ್ಧಕ್ಕೆ ಹೋಗಿದ್ದ ಆಂಥನಿ ಸ್ವಾಫರ್ಡ್ ಅವರ ಆತ್ಮಕಥನವನ್ನು ಆಧರಿಸಿದ ಚಿತ್ರವದು. ಮರುಭೂಮಿಗೆ ಹೋದ ಮೇಲೆ ಅವರಿಗೆ ಸಿಗುವುದು ತಿಂಗಳುಗಟ್ಟಲೆ ಕಾಯುವ ಕೆಲಸ. ಗುರಿಕಾರನಾಗಿ ತರಬೇತಾದ ನಾಯಕನಿಗೆ ವೈರಿಯ ಮೇಲೆ ಒಂದು ಗುಂಡು ಹಾರಿಸುವ ಅವಕಾಶವೂ ಬರುವುದಿಲ್ಲ, ವಿಮಾನಗಳೇ ಎಲ್ಲವನ್ನೂ ಮುಗಿಸುತ್ತವೆ. ಆಧುನಿಕ ಯುದ್ಧದಲ್ಲಿ ಹೆಚ್ಚಿನ ಸೈನಿಕರ ಪಾಲಿಗೆ ಬರುವ ಬೇಸರ ಮತ್ತು ವ್ಯರ್ಥವಾದ ಸಿದ್ಧತೆಯನ್ನು ಇಷ್ಟು ನೇರವಾಗಿ ತೋರಿಸಿದ ಇನ್ನೊಂದು ಕಥಾಚಿತ್ರವನ್ನು ನಾನು ನೋಡಿಲ್ಲ.

ಹವಾಲ್ದಾರರು ಕಿವಿಯ ಮಾತು ಹೇಳಿದರು. 1985ರ ಸೋವಿಯತ್ ಚಿತ್ರ ‘ಕಮ್ ಆ್ಯಂಡ್ ಸೀ’ಯಲ್ಲಿ ಬಾಂಬು ಬಿದ್ದ ಮೇಲೆ ಹುಡುಗನ ಕಿವಿ ಮಂದವಾಗಿ ಗುಂಯ್‌ಗುಡುವುದನ್ನು ನಾವೂ ಬಹಳ ಹೊತ್ತು ಅವನ ಕಿವಿಯಿಂದಲೇ ಕೇಳುತ್ತೇವೆ. ಆ ಉಪಾಯವನ್ನು ಆಮೇಲೆ ಎಷ್ಟೋ ಜನ ಬಳಸಿ ಸವೆಸಿಬಿಟ್ಟಿದ್ದಾರೆ. ಅಲ್ಲಿ ಮಾತ್ರ ಅದು ಉಪಾಯವೆನಿಸುವುದಿಲ್ಲ. ನಮ್ಮಲ್ಲಿ ಅಂಥ ಜಾಗಕ್ಕೆ ಪಿಟೀಲು ತುಂಬಿಬಿಡುತ್ತೇವೆ. ಮೌನವನ್ನು ಅರ್ಧ ನಿಮಿಷ ಬಿಟ್ಟರೆ ಧ್ವನಿ ಕೆಟ್ಟಿದೆಯೆಂದು ಜನ ತಿಳಿಯುತ್ತಾರೆ ಎಂದು ನಿರ್ಮಾಪಕರು ಹೆದರುತ್ತಾರೆ. ನಾನೇ ಇಂಥ ಮಾತನ್ನು ಕೇಳಿ ಸಂಗೀತ ಸೇರಿಸಿದ್ದೇನೆ, ಅದರ ಬಗ್ಗೆ ನನಗೆ ಬೇಸರವಿದೆ. ಇದರ ಮೇಲೆ ಅನುಮತಿಯ ವಿಷಯವೂ ಇದೆ. ಸೇನೆಯನ್ನು ಕುರಿತ ಸಿನಿಮಾಗಳಿಗೆ ಪ್ರದರ್ಶನಕ್ಕೆ ಮುಂಚೆ ನಿರಾಕ್ಷೇಪಣಾ ಪತ್ರ ಪಡೆಯಬೇಕೆಂದು ರಕ್ಷಣಾ ಸಚಿವಾಲಯವು 2020ರಲ್ಲಿ ಸೆನ್ಸಾರ್ ಮಂಡಳಿಗೆ ಬರೆದಿತ್ತು. ಸೇನೆಯ ಗೌರವ ಕಾಯಬೇಕೆಂಬುದು ಸರಿಯೇ. ಆದರೆ ನಡುಗುವ ಸೈನಿಕನನ್ನು ತೋರಿಸಿದರೆ ಗೌರವಕ್ಕೆ ಕುಂದು ಎಂದು ಬರೆಯುವವರೇ ಮೊದಲು ಅಂಜಿ ಬಿಟ್ಟುಬಿಡುವ ಅಪಾಯವೂ ಇದೆ.

ಉತ್ತರ: ಮುದಗಲ್ಲಿನ ಕನ್ನಡ ಮೇಷ್ಟ್ರು

ಈ ಚರ್ಚೆಯನ್ನು ಓದುತ್ತ ನನಗೆ ನಮ್ಮ ಊರುಗಳ ವೀರಗಲ್ಲುಗಳು ನೆನಪಾದವು. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಹಂತ: ಕೆಳಗೆ ಕಾಳಗ ಅಥವಾ ತುರುಗೊಳ್ (ದನಗಳಿಗಾಗಿ ನಡೆಯುವ ಹೋರಾಟ), ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ನಮ್ಮ ಸಿನಿಮಾಗಳು ಇಂದಿಗೂ ಇದೇ ಮೂರು ಹಂತಗಳಲ್ಲಿ ನಡೆಯುತ್ತಿವೆ. ಅಪ್ಸರೆಯರ ಜಾಗದಲ್ಲಿ ಹಾಡು ಬಂದಿದೆ, ಶಿಖರದಲ್ಲಿ ಧ್ವಜ ಬಂದಿದೆ. ಕಾಲು ಕಳೆದುಕೊಂಡು ಊರಿಗೆ ಬಂದವನಿಗೆ ಆ ಕಲ್ಲಿನಲ್ಲಿ ಜಾಗವಿರಲಿಲ್ಲ. ಕೆತ್ತಿದವನನ್ನು ನಾನು ದೂರುತ್ತಿಲ್ಲ. ಅದನ್ನು ನಿಲ್ಲಿಸಿದ್ದು ಸತ್ತವನ ಮನೆಯವರಿಗೆ ಧೈರ್ಯ ತುಂಬಲೆಂದು.

ಆದರೆ ಕನ್ನಡಕ್ಕೆ ಇನ್ನೊಂದು ದಾರಿಯೂ ತಿಳಿದಿತ್ತು. ಹತ್ತನೆಯ ಶತಮಾನದ ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಸಂಜಯನೊಂದಿಗೆ ರಣರಂಗದ ಹೆಣಗಳ ನಡುವೆ ನಡೆಸುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಮುಂದೆಯೂ ನಿಂತು ಅವನು ಅಳುತ್ತಾನೆ; ವೈರಿಯ ಮಗನಾದ ಅಭಿಮನ್ಯುವನ್ನು ಕಂಡಾಗಲೂ ಅವನ ಪರಾಕ್ರಮವನ್ನು ಹೊಗಳುತ್ತಾನೆ. ಅಲ್ಲಿ ಯುದ್ಧ ನಡೆಯುತ್ತಿಲ್ಲ, ಮುಗಿದುಹೋಗಿದೆ. ಉಳಿದವನೊಬ್ಬನು ತಾನು ಮಾಡಿಸಿದ್ದನ್ನು ಕಾಲಿನಿಂದ ದಾಟಿ ನಡೆಯಬೇಕಾಗಿದೆ. ಹವಾಲ್ದಾರರು ಹೇಳಿದ ಉಳಿದವನ ಭಾರಕ್ಕೆ ಇದಕ್ಕಿಂತ ಹತ್ತಿರದ ಚಿತ್ರ ನನಗೆ ಗೊತ್ತಿಲ್ಲ.

ಮತ್ತೊಂದು, ನಮ್ಮ ಮುದಗಲ್ಲಿನ ಮೊಹರಂ. ಸುತ್ತಲಿನ ಹಳ್ಳಿಗಳಲ್ಲಿ ಎಲ್ಲ ಜಾತಿಯವರೂ ಸೇರಿ ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡುತ್ತಾರೆ. ಆ ಪದಗಳು ಹೇಳುವ ಕರ್ಬಲಾ ಕಾಳಗ ನಡೆದದ್ದು 680ರಲ್ಲಿ, ಇರಾಕಿನ ಮರಳುಗಾಡಿನಲ್ಲಿ. ಕತ್ತಿ ಝಳಪಿಸಿದ್ದಕ್ಕಿಂತ ಹೆಚ್ಚಾಗಿ ನಮ್ಮ ಹಾಡುಗಾರರು ಹಿಡಿದುಕೊಳ್ಳುವುದು ನೀರಡಿಕೆಯನ್ನು: ನದಿ ಕಣ್ಣೆದುರಿಗೇ ಇದ್ದರೂ ನೀರು ಸಿಗದ ಮಕ್ಕಳು, ಬರಿದಾದ ತೊಟ್ಟಿಲು, ಡೇರೆಯಲ್ಲಿ ಕಾಯುವ ಹೆಂಗಸರು. ಬರ ಕಂಡ ರಾಯಚೂರು ಸೀಮೆಯ ರೈತನಿಗೆ ಆ ನೀರಡಿಕೆಯನ್ನು ಯಾರೂ ವಿವರಿಸಿ ಹೇಳಬೇಕಿಲ್ಲ, ಅಲಾಯಿ ಕುಣಿಯ (ಮೊಹರಂನ ಬೆಂಕಿಯ ಗುಂಡಿಯ) ಸುತ್ತ ನಿಂತು ಅಳುತ್ತಾನೆ. ಅಷ್ಟು ದೂರದ ಯುದ್ಧವೊಂದರ ನೋವನ್ನು ತನ್ನ ಮೈಯದೆಂಬಂತೆ ಹಾಡಬಲ್ಲ ಭಾಷೆಗೆ ಕಾರ್ಗಿಲ್‌ನಿಂದ ಮರಳಿದ ಕೊಪ್ಪಳದ ಸೈನಿಕನೊಬ್ಬನ ರಾತ್ರಿ ಎರಡು ಗಂಟೆಯ ಎಚ್ಚರವನ್ನು ಹೇಳಲು ಸಾಧ್ಯವಿಲ್ಲವೆಂದು ನಾನು ನಂಬುವುದಿಲ್ಲ. ಗಂಗಾವತಿಯ ತಮ್ಮನವರು ಕಿರುಚಿತ್ರ ಮಾಡುವುದಾದರೆ ಹವಾಲ್ದಾರರ ಮೊದಲ ಉತ್ತರವನ್ನು ಮತ್ತೊಮ್ಮೆ ಓದಲಿ. ಅದರಲ್ಲಿ ತೋಪು ಬೇಡ, ಹೆಲಿಕಾಪ್ಟರ್ ಬೇಡ, ಒಂದು ಕೋಣೆ ಸಾಕು.

ಮೂಲಪ್ರಶ್ನೆ ಕೇಳಿದವರು: ಸಿರುಗುಪ್ಪದ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಅಕ್ಕನವರು ಹೇಳಿದಂತೆ ನಿನ್ನೆ ರಾತ್ರಿ ಊಟವಾದ ಮೇಲೆ ಮಾವನನ್ನು ನಿದ್ದೆಯ ಬಗ್ಗೆ ಕೇಳಿದೆ. ಯಾಕೆ ಕೇಳುತ್ತೀ ಎಂದರು. ಹವಾಲ್ದಾರರು ಬರೆದದ್ದನ್ನು ಓದಿ ಹೇಳಲೇ ಎಂದೆ, ಬೇಡವೆನ್ನಲಿಲ್ಲ. ಗುಂಡು ಈಚೆಗೆ ಬಿದ್ದರೆ ಎಂಬ ಚಿಂತೆಯ ಮಾತು ಬಂದಾಗ ಕೈ ಎತ್ತಿ ನಿಲ್ಲಿಸಿ, ಮತ್ತೊಮ್ಮೆ ಓದು ಎಂದರು. ಆಮೇಲೆ ಅವರು ಹೇಳಿದ್ದನ್ನು ಹವಾಲ್ದಾರರಿಗಾಗಿ ಹಾಗೆಯೇ ಬರೆಯುತ್ತಿದ್ದೇನೆ: “ನಮ್ಮ ತಲೆ ಮ್ಯಾಲೆ ಅವರ ಗುಂಡು ಹೋಗೋ ಸದ್ದು ಕೇಳೋತನ ನಮಗ ಧೈರ್ಯ ಇರ್ತಿತ್ತು. ತುದಿ ಹತ್ತಿರ ಬಂದಾಗ ಅವರು ನಿಲ್ಲಿಸಲೇಬೇಕು. ಆ ಸದ್ದು ನಿಂತಾಗ ನೋಡು, ಅವಾಗ ಹೆದರಿಕಿ ಆಗ್ತಿತ್ತು. ಅವರಿಗೆ ಇದನ್ನ ಹೇಳು.”

ಇಷ್ಟು ವರ್ಷಗಳಲ್ಲಿ ಆ ಯುದ್ಧದ ಬಗ್ಗೆ ಮಾವ ನನ್ನೊಂದಿಗೆ ಆಡಿದ ಅತ್ಯಂತ ದೀರ್ಘವಾದ ಮಾತು ಇದು. ಹವಾಲ್ದಾರ್ ಸಾಹೇಬರೊಂದಿಗೆ ಮಾತನಾಡಬಹುದೇ ಎಂದೂ ಕೇಳಿದ್ದಾರೆ. ತಾವು ಒಪ್ಪಿದರೆ ದೂರವಾಣಿ ಸಂಖ್ಯೆಯನ್ನು ಇಲ್ಲಿ ಬರೆಯದೆ ಖಾಸಗಿ ಸಂದೇಶದಲ್ಲಿ ಕಳಿಸಬೇಕಾಗಿ ವಿನಂತಿ.

ಉತ್ತರ: ಕೊಪ್ಪಳದ ನಿವೃತ್ತ ಹವಾಲ್ದಾರ

ಕಳಿಸಿದ್ದೇನೆ. ನಿಮ್ಮ ಮಾವನವರ ಮಾತನ್ನು ನನ್ನ ಮನೆಯವಳಿಗೂ ಓದಿ ಹೇಳಿದೆ. ಅವರಿಗೆ ಯಾವ ಹೊತ್ತಿಗೆ ಅನುಕೂಲವೋ ಆಗಲೇ ಮಾಡಲಿ, ರಾತ್ರಿ ಎರಡು ಗಂಟೆಯಾದರೂ ಅಡ್ಡಿಯಿಲ್ಲ, ನಾನು ಎದ್ದಿರುತ್ತೇನೆ. ಹಿಂದಿ ಬೇಡ, ಕನ್ನಡದಲ್ಲೇ ಮಾತನಾಡೋಣ ಎಂದು ಹೇಳಿರಿ.